ವರ್ಗಾವಣೆಯಿಲ್ಲದ ಕೋರ್ಟು

ಹುನಗುಂದ

“ಅಣ್ಣಾ, ನೀಲಾನ ಹೆಸರು ಮ್ಯಾಲೆ ಹೋಗೇತಿ” ಎಂದು ತಂಗಿ ಗೌರಿ ಅಮೆರಿಕದಿಂದ ಫೋನ್ ಮಾಡಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು, “ಎಲ್ಲಿಗೆ ವರ್ಗಾ?”

ತಪ್ಪು ನನ್ನದಲ್ಲ. ಮುನ್ಸೀಫನಾಗಿ ಸೇರಿದ ದಿನದಿಂದ ಜಿಲ್ಲಾ ನ್ಯಾಯಾಧೀಶನಾಗಿ ನಿವೃತ್ತನಾಗುವವರೆಗೆ ನನಗೆ ಮೇಲಿನಿಂದ ಬಂದದ್ದು ಹೆಚ್ಚಾಗಿ ವರ್ಗಾವಣೆಯ ಆದೇಶಗಳೇ. ಚಿಂತಾಮಣಿ, ಜೇವರ್ಗಿ, ಕುಣಿಗಲ್, ಸಿಂಧನೂರು. ಒಂದೂರಿನ ಹಾಲಿನವನ ಹೆಸರು ಬಾಯಿಗೆ ಬರುವಷ್ಟರಲ್ಲಿ ಇನ್ನೊಂದೂರಿಗೆ ಗಂಟುಮೂಟೆ ಕಟ್ಟುತ್ತಿದ್ದೆವು. ಈಗ ಹುನಗುಂದದಲ್ಲಿ ಮನೆ ಕಟ್ಟಿಕೊಂಡು, ಬೆಳಿಗ್ಗೆ ಪೂಜೆ ಮುಗಿಸಿ, ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ ಹಳೆಯ ವಕೀಲರ ಜತೆ ಕೂತು ಕಾಲ ಕಳೆಯುತ್ತೇನೆ.

“ವರ್ಗಾ ಅಲ್ಲೋ ಅಣ್ಣಾ. ಪ್ರೆಸಿಡೆಂಟ್ ಆಕಿನ್ನ ಫೆಡರಲ್ ಜಡ್ಜ್ ಮಾಡಾಕ ಹೆಸರು ಕಳಿಸ್ಯಾರ. ಸೆನೆಟ್ಟಿನಾಗ ಓಟ್ ಆಗಬೇಕು. ಆದ ಮ್ಯಾಲೆ ಮನಿಯವರು ಒಬ್ರು ಆಕಿಗೆ ಗೌನ್ ಹಾಕಬೇಕಂತ. ಯಾರ್ ಹಾಕ್ತಾರ ಅಂತ ಕೇಳಿದ್ನಿ. ಸೋದರಮಾವನ ಹಾಕ್ಲಿ ಅಂದ್ಳು. ನೀ ಬಾ.”

ನೀಲಾಂಬಿಕಾ ನನ್ನ ತಂಗಿಯ ಒಬ್ಬಳೇ ಮಗಳು. ಹುಟ್ಟಿದ್ದು ಇಳಕಲ್ಲಿನಲ್ಲಿ. ಆಕೆಯ ಅಪ್ಪ ಮರೋಳದವರು, ಗೋವಿನಜೋಳದ ತಳಿಗಳ ಮೇಲೆ ಸಂಶೋಧನೆ ಮಾಡಲು ಅಲ್ಲಿನ ವಿಶ್ವವಿದ್ಯಾಲಯಕ್ಕೆ ಹೋದಾಗ ಹುಡುಗಿಗೆ ಎಂಟು ವರ್ಷ. ಅವರು ಈಗಿಲ್ಲ. ತಾಯಿ ಮಗಳು ಅಲ್ಲೇ ಉಳಿದರು. ಆ ಊರಿನ ಹೆಸರನ್ನು ಬರೆಯಬೇಡ ಎಂದು ನೀಲಾ ಹೇಳಿದ್ದಾಳೆ. ಜಡ್ಜ್ ಆದವಳ ಮಾತು, ಮೀರುವಂತಿಲ್ಲ. ಅಮೆರಿಕದ ನಡುಮಧ್ಯೆ, ನದಿಯ ದಂಡೆಯ ಮೇಲೆ, ಸುತ್ತ ಗೋವಿನಜೋಳದ ಹೊಲಗಳಿರುವ ಊರು ಎಂದರೆ ಸಾಕು.

ಚಹಾದಂಗಡಿಯಲ್ಲಿ ಸುದ್ದಿ ಹೇಳಿದಾಗ ವಕೀಲ ಬಸಣ್ಣ ಕಪ್ಪು ಕೆಳಗಿಟ್ಟ.

“ರಾಜಕಾರಣಿಗಳು ಓಟ್ ಹಾಕಿ ಜಡ್ಜ್ ಮಾಡ್ತಾರೇನ್ರಿ, ಸರ? ಹಂಗಾರ ನಮ್ಮ ಎಪಿಎಂಸಿ ಚುನಾವಣಿ ಇದ್ದಂಗ ಆತು.”

ನಾನು ನಕ್ಕೆ. ಆದರೆ ಮಾತು ಒಳಗೆ ಉಳಿಯಿತು. ನಾವು ಪರೀಕ್ಷೆ ಬರೆದು, ಸಂದರ್ಶನಕ್ಕೆ ಕೂತು ಜಡ್ಜ್ ಆದವರು. ಯಾವ ಮಂತ್ರಿಯ ಮನೆಯ ಮೆಟ್ಟಿಲನ್ನೂ ಹತ್ತಿದವರಲ್ಲ. ನಮ್ಮ ಹುಡುಗಿ ಯಾರ್ಯಾರ ಮುಂದೆ ಕೈಕಟ್ಟಿ ನಿಂತಳೋ ಎಂಬ ಅಳುಕನ್ನು ಪಾಸ್‌ಪೋರ್ಟಿನ ಜತೆ ಇಟ್ಟುಕೊಂಡೇ ಹೊರಟೆ. ಅದಕ್ಕಿಂತ ದೊಡ್ಡದಾಗಿ ಹಿಗ್ಗೂ ಇತ್ತು. ಅದುವರೆಗೆ ನಾನು ದೇಶ ಬಿಟ್ಟು ಹೋದವನಲ್ಲ.

ಹೆಂಡತಿ ಶಾಂತಾ ಬರಲೊಪ್ಪಲಿಲ್ಲ. “ನಾ ಒಲ್ಲೆ. ಅಷ್ಟೊತ್ತು ಕಾಲ ಮಡಚಿ ಕುಂದ್ರಾಕ ನನಗಾಗೂದಿಲ್ಲ” ಎಂದಳು. ಆದರೆ ತನ್ನ ಬದಲಿಗೆ ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಜೋಳದ ಹಿಟ್ಟು, ಅಮೀನಗಡದ ಕರದಂಟು ಎಲ್ಲವನ್ನೂ ಕಳಿಸಿದಳು.

ಶಿಕಾಗೋ ವಿಮಾನ ನಿಲ್ದಾಣ

ಪಾಸ್‌ಪೋರ್ಟ್ ನೋಡುವ ಅಧಿಕಾರಿ ಏನು ಕೆಲಸ ಮಾಡುತ್ತೀರಿ ಎಂದು ಕೇಳಿದ. ನಿವೃತ್ತ ನ್ಯಾಯಾಧೀಶ ಎಂದೆ. ಅವನು ಕುರ್ಚಿಯಲ್ಲಿ ನೆಟ್ಟಗೆ ಕೂತು, ನಮ್ಮಲ್ಲಿ ‘ಮಹಾಸ್ವಾಮಿ’ ಎನ್ನುವಂತೆ ಸಂಬೋಧಿಸಿ, ಠಸ್ಸೆ ಒತ್ತಿ ಕಳಿಸಿದ. ಪರದೇಶದಲ್ಲೂ ಹುದ್ದೆಗೆ ಮರ್ಯಾದೆ ಇದೆ ಎಂದು ಎದೆಯುಬ್ಬಿಸಿಕೊಂಡು ನನ್ನ ಚೀಲ ಎಳೆಯುತ್ತ ಹೊರಟೆ.

ಆ ಮರ್ಯಾದೆ ಮುಂದಿನ ಬಾಗಿಲವರೆಗೂ ಬಾಳಲಿಲ್ಲ. ಉದ್ದ ಕಿವಿಯ ಪುಟ್ಟ ನಾಯಿಯೊಂದು ಬಂದು ನನ್ನ ಚೀಲ ಮೂಸಿ, ಪಕ್ಕದಲ್ಲೇ ಗಂಭೀರವಾಗಿ ಕೂತುಬಿಟ್ಟಿತು. ಬೊಗಳಲೂ ಇಲ್ಲ. ಸುಮ್ಮನೆ ಕೂತು ನನ್ನ ಮುಖ ನೋಡಿತು. ಅದನ್ನು ಹಿಡಿದಿದ್ದ ಅಧಿಕಾರಿಣಿ ಕೇಳಿದಳು: “ಹಣ್ಣು, ಸೊಪ್ಪು, ಗಿಡ ಏನಾದರೂ ಇದೆಯೇ?”

“ಇಲ್ಲ” ಎಂದೆ, ತೀರ್ಪು ಓದುವ ದನಿಯಲ್ಲಿ.

ಚೀಲ ಬಿಚ್ಚಿಸಿದರು. ಹಿಂಡಿಯ ಡಬ್ಬಿಗಳನ್ನು ನಾಯಿ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಧೋತರದ ಮಡಿಕೆಯೊಳಗಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿದ ಕರಿಬೇವಿನ ಕಟ್ಟು ಹೊರಗೆ ಬಂತು. ನಮ್ಮ ಹಿತ್ತಿಲಿನದೇ ಸೊಪ್ಪು. ಶಾಂತಾ ನನಗೆ ಹೇಳದೆ ಇಟ್ಟಿದ್ದಳು.

“ಇದು ನನಗೆ ತಿಳಿದಿರಲಿಲ್ಲ. ನನ್ನ ಹೆಂಡತಿ ಇಟ್ಟದ್ದು” ಎಂದೆ. ಹೇಳುತ್ತಿದ್ದಂತೆ ನನಗೇ ನಗು ಬಂತು. ಇದೇ ಮಾತನ್ನು ನನ್ನೆದುರು ಎಷ್ಟು ಜನ ಆರೋಪಿಗಳು ಹೇಳಿದ್ದರೋ. ನಾನು ಎಷ್ಟು ಜನರನ್ನು ನಂಬಿದ್ದೆನೋ. ಆ ಹೆಣ್ಣುಮಗಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ನಂಬಿ, ಕರಿಬೇವನ್ನು ಕಸದ ಬುಟ್ಟಿಗೆ ಹಾಕಿ ಹೋಗಲು ಬಿಟ್ಟಳು. ನಾಯಿಗೆ ಮಾತ್ರ ತಿನ್ನಲು ಏನೋ ಕೊಟ್ಟಳು. ಸರ್ಕಾರಿ ಸಾಕ್ಷಿಗೆ ಅಷ್ಟು ಬೇಗ ಭತ್ಯೆ ಸಿಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಗೌರಿಯ ಅಡುಗೆಮನೆ

ಇನ್ನೊಂದು ಸಣ್ಣ ವಿಮಾನ ಹತ್ತಿ ಊರು ಮುಟ್ಟಿದಾಗ ಗೌರಿ ಹೊರಗೆ ಕಾಯುತ್ತಿದ್ದಳು. ಇಳಕಲ್ ಸೀರೆ, ಕಾಲಿಗೆ ಓಡುವವರ ಬಿಳಿ ಬೂಟು. ಎಪ್ಪತ್ತು ದಾಟಿದ ಈ ಹೆಂಗಸು ತಾನೇ ಕಾರು ಓಡಿಸಿಕೊಂಡು ಬಂದಿದ್ದಳು. ಕಮತಗಿಯ ನಮ್ಮ ಮನೆಯಲ್ಲಿ ಸೈಕಲ್ ಮುಟ್ಟಲು ಅಪ್ಪ ಬಿಡದಿದ್ದ ಗೌರಿ ಆರು ಸಾಲಿನ ರಸ್ತೆಯಲ್ಲಿ ಲಾರಿಗಳನ್ನು ಹಿಂದೆ ಹಾಕುವುದನ್ನು ನೋಡುತ್ತ ನಾನು ಸೀಟು ಗಟ್ಟಿಯಾಗಿ ಹಿಡಿದು ಕೂತೆ.

“ನೀಲಾ ಎಲ್ಲಿ?”

“ಕೋರ್ಟಿನಾಗ. ಅಣ್ಣಾ, ಒಂದು ಮಾತು. ಓಟ್ ಮುಂದ ಹೋಗೇತಿ.”

“ಯಾವತ್ತಿಗೆ?”

“ಯಾರಿಗ್ಗೊತ್ತು? ಅವರೊಳಗ ಬ್ಯಾರೆ ಯಾವುದೋ ಮಸೂದೆ ಮ್ಯಾಲೆ ಜಗಳ ನಡದೈತಿ. ಅದು ಮುಗದಾಗ ಇದು.”

ನಾನು ವಾರದೊಳಗೆ ಗೌನು ಹಾಕಿ ಕೈತೊಳೆದುಕೊಳ್ಳಬೇಕೆಂದು ಬಂದವನು. ಈಗ ವಾಯಿದೆ ಬಿತ್ತು. ಕಕ್ಷಿದಾರರಿಗೆ ವಾಯಿದೆ ಕೊಡುವಾಗ ಅವರ ಮುಖ ಯಾಕೆ ಹಾಗಾಗುತ್ತಿತ್ತು ಎಂಬುದು ಅಮೆರಿಕದಲ್ಲಿ ಅರ್ಥವಾಯಿತು.

ಸಂಜೆ ನೀಲಾ ಬಂದಳು. ಕೂದಲು ಅರ್ಧ ಬೆಳ್ಳಗಾಗಿದೆ. ಆದರೆ ಬಾಯಿ ತೆರೆದರೆ ಇಳಕಲ್ಲಿನ ಓಣಿಯ ಎಂಟು ವರ್ಷದ ಹುಡುಗಿ. ಊರು ಬಿಟ್ಟಾಗ ಇದ್ದ ಕನ್ನಡ ಹಾಗೆಯೇ ಉಳಿದಿದೆ. ಇಂಗ್ಲಿಷಿನಲ್ಲಿ ಸಂವಿಧಾನದ ಮಾತಾಡುವವಳು ಕನ್ನಡಕ್ಕೆ ಬಂದ ಕೂಡಲೇ, “ಮಾಮಾ, ನೀ ನನಗ ಕರದಂಟ ತಂದಿಯಿಲ್ಲೋ?” ಎಂದು ಕೇಳುತ್ತಾಳೆ.

ಕಾಯುವ ಆ ದಿನಗಳಲ್ಲಿ ಆಕೆ ಜಡ್ಜ್ ಆಗುವವರೆಗೆ ನಡೆದ ದಾರಿಯನ್ನು ರೊಟ್ಟಿ ತಿನ್ನುತ್ತ, ಪಾತ್ರೆ ತೊಳೆಯುತ್ತ ತುಂಡು ತುಂಡಾಗಿ ಕೇಳಿದೆ. ಆ ದಾರಿ ಶುರುವಾದದ್ದು ತಾಯಿಯ ಅಪರಾಧದಿಂದ. ಬಂದ ಹೊಸದರಲ್ಲಿ ಗೌರಿ, ಜಿಂಕೆಯೊಂದು ರಸ್ತೆ ದಾಟಲೆಂದು ಕಾರನ್ನು ಹೆದ್ದಾರಿಯ ನಡುವೆ ನಿಲ್ಲಿಸಿ ಪೊಲೀಸರ ಕೈಗೆ ಸಿಕ್ಕಿದ್ದಳು. ಇಂಗ್ಲಿಷ್ ಇನ್ನೂ ಬರುತ್ತಿರಲಿಲ್ಲ. ಸಾಲೆಗೆ ಹೋಗುವ ನೀಲಾಳನ್ನು ಕೋರ್ಟಿಗೆ ಕರೆದುಕೊಂಡು ಹೋದಳು. ತಾಯಿ ಹೇಳಿದ್ದನ್ನು ಹುಡುಗಿ ಜಡ್ಜ್‌ಗೆ ಹೇಳುವುದು, ಜಡ್ಜ್ ಹೇಳಿದ್ದನ್ನು ತಾಯಿಗೆ ಹೇಳುವುದು.

“ಆ ಜಡ್ಜ್ ಮುಂದಕ್ಕ ಬಗ್ಗಿ ನನ್ನ ಮಾತು ಪೂರಾ ಕೇಳ್ಸ್ಕೊಂಡ, ಮಾಮಾ. ದೊಡ್ಡವರು ಯಾರೂ ನನ್ನ ಮಾತು ಹಂಗ ಕೇಳಿರಲಿಲ್ಲ” ಎಂದಳು ನೀಲಾ.

“ದಂಡ ಹಾಕಿದ್ದು ಹಾಕಿದನ” ಎಂದು ಗೌರಿ ಒಲೆಯ ಕಡೆಯಿಂದ ಹೇಳಿದಳು. “ಜಿಂಕಿ ಮ್ಯಾಲೆ ಹಾಯ್ಸಬೇಕಿತ್ತಂತೇನು?” ಆ ಪ್ರಕರಣ ಆಕೆಯ ಮಟ್ಟಿಗೆ ಇನ್ನೂ ಇತ್ಯರ್ಥವಾಗಿಲ್ಲ.

ಕಾನೂನು ಓದಿ ಮುಗಿಸಿದ ಮೇಲೆ ನೀಲಾ ಒಬ್ಬ ಮುದಿ ಫೆಡರಲ್ ಜಡ್ಜರ ಬಳಿ ಕ್ಲರ್ಕ್ ಆದಳು. ಅಲ್ಲಿ ಕ್ಲರ್ಕ್ ಎಂದರೆ ಜಡ್ಜ್ ಪಕ್ಕದಲ್ಲಿ ಕೂತು ಕಾನೂನು ಹುಡುಕಿ ತೀರ್ಪಿನ ಕರಡು ಬರೆಯುವ ಹುಡುಗರು. ತರಗತಿಗೆ ಮೊದಲಿಗರಾದವರಿಗೇ ಅದು ಸಿಗುವುದು. ಗೌರಿ ಆಗ ಹೆಮ್ಮೆಯಿಂದ ಇಳಕಲ್ಲಿಗೆ ಫೋನ್ ಮಾಡಿ ಹೇಳಿದಾಗ ಬೀಗರೊಬ್ಬರು ಸಮಾಧಾನ ಮಾಡಿದ್ದರಂತೆ: “ಇರ್ಲಿ ಬಿಡವಾ, ಇಷ್ಟ ಓದಿ ಕ್ಲರ್ಕ್ ಆದ್ರೂ ಸರ್ಕಾರಿ ನೌಕರಿ ಅಲ್ಲ?”

ಆಮೇಲೆ ವರ್ಷಾನುಗಟ್ಟಲೆ ಬಡ ಆರೋಪಿಗಳ ಪರವಾಗಿ ಸರ್ಕಾರವೇ ಸಂಬಳ ಕೊಟ್ಟು ಇಡುವ ವಕೀಲಳ ಕೆಲಸ. ಕದ್ದವರು, ಅಫೀಮು-ಗಾಂಜಾ ಸಾಗಿಸಿದವರು, ಬಂದೂಕು ಹಿಡಿದವರು. ಆ ಕೆಲಸ ನೋಡಿದ ಅಲ್ಲಿನ ಜಡ್ಜ್‌ಗಳು ತಾವೇ ಆಕೆಯನ್ನು ಮ್ಯಾಜಿಸ್ಟ್ರೇಟ್ ಮಾಡಿಕೊಂಡರು. ಜಾಮೀನು, ವಾರಂಟು, ಮೊದಲ ಹಾಜರಿ ಎಲ್ಲ ಆಕೆಯ ಮುಂದೆ. ದೊಡ್ಡ ಅಪರಾಧಗಳ ವಿಚಾರಣೆ, ಶಿಕ್ಷೆ ಮಾತ್ರ ಮೇಲಿನ ಜಡ್ಜ್‌ದು. ಹಳೆಯ ಜಡ್ಜರೊಬ್ಬರು ಕೆಲಸದಿಂದ ಹಿಂದೆ ಸರಿದು ಆ ಜಾಗ ತೆರವಾದಾಗ ನೀಲಾ ಅರ್ಜಿ ಹಾಕಿದಳು.

“ಯಾರ್ ಮನಿಗೆ ಹೋಗಿದ್ದಿ?” ಎಂದೆ. ಬಸಣ್ಣನ ಪ್ರಶ್ನೆ ನನ್ನ ಬಾಯಿಂದ ಬಂತು.

ಆಕೆಗೆ ಅರ್ಥವಾಯಿತು. ನಕ್ಕಳು. “ನಾ ಯಾರ ಮನಿಗೂ ಹೋಗಿಲ್ಲ. ಅವರ ನನ್ನ ಮನಿಗೆ ಬಂದ್ರು, ಮಾಮಾ.”

ತನಿಖಾ ದಳದವರು ಓಣಿಯ ಬಾಗಿಲು ಬಾಗಿಲಿಗೂ ಹೋಗಿದ್ದರಂತೆ. ಕುಡಿಯುತ್ತಾಳೆಯೇ, ಜಗಳವಾಡುತ್ತಾಳೆಯೇ, ಎದುರಿಗೆ ನಿಂತು ವಾದಿಸಿದ ವಕೀಲರು ಆಕೆಯ ಬಗ್ಗೆ ಏನನ್ನುತ್ತಾರೆ. ಹುಟ್ಟಿದಾಗಿನಿಂದ ಎಲ್ಲೆಲ್ಲಿ ಏನೇನು ಭಾಷಣ ಮಾಡಿದ್ದಾಳೆ ಎಲ್ಲವನ್ನೂ ಒಪ್ಪಿಸಬೇಕಿತ್ತು. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಆಡಿದ ನಾಲ್ಕು ಮಾತನ್ನೂ ಇಂಗ್ಲಿಷಿಗೆ ಮಾಡಿ ಕಳಿಸಿದಳು. ಅದರಲ್ಲಿ ಅರ್ಧ, ಹೋಳಿಗೆ ಸರಿಯಾಗಿ ಬೆಂದಿಲ್ಲ ಎಂಬುದರ ಬಗ್ಗೆ ಇತ್ತು.

ಸೆನೆಟ್ಟಿನ ಸಮಿತಿಯ ಮುಂದೆ ಆಕೆ ಕೂತಿದ್ದಾಗ ಹಿಂದಿನ ಸಾಲಿನಲ್ಲಿ ಗೌರಿಯೂ ಇದ್ದಳು. “ಒಬ್ಬಾಂವ ಬೆರಳ ಮಾಡಿ ಕೇಳಿದ ನೋಡಣ್ಣಾ, ಇಷ್ಟ ವರ್ಷ ಕಳ್ಳರ ಪರ ನಿಂತಿ, ಈಗ ಎಲ್ಲಾರ್ನೂ ಹೊರಗ ಬಿಡ್ತೀಯೇನು ಅಂತ. ನನಗ ಎದ್ದು ಹೇಳೂಣು ಅನಿಸಿತ್ತು.”

“ನೀ ಏನಂದಿ?” ಎಂದು ನೀಲಾಳನ್ನು ಕೇಳಿದೆ.

“ವಕೀಲ್ಕಿ ಒಬ್ಬರ ಪರ ನಿಲ್ಲಬೇಕು, ನಿಂತಿದ್ದೆ. ಜಡ್ಜ್ ಯಾರ ಪರಾನೂ ನಿಲ್ಲಬಾರದು, ಕುಂದ್ರಬೇಕು. ಎರಡೂ ಕೆಲಸದ ನಡುವಿನ ಅಂತರ ನನಗ್ಗೊತ್ತು ಅಂದ್ನಿ.”

ನನ್ನ ಸಂದರ್ಶನದಲ್ಲಿ ಯಾರೂ ಅಂಥ ಪ್ರಶ್ನೆ ಕೇಳಿರಲಿಲ್ಲ. ಕೇಳಿದ್ದರೆ ಅಂಥ ಉತ್ತರ ನನಗೆ ಹೊಳೆಯುತ್ತಿರಲಿಲ್ಲ.

ಓಟಿನ ದಿನ

ನನ್ನ ಟಿಕೆಟ್ಟನ್ನು ಒಮ್ಮೆ ಮುಂದಕ್ಕೆ ಹಾಕಿದ್ದಾಯಿತು. ಅಷ್ಟರಲ್ಲಿ ಒಂದು ಮುಂಜಾನೆ, ಇವತ್ತು ಓಟು ಎಂಬ ಸುದ್ದಿ ಬಂತು. ನೀಲಾ ಅದನ್ನು ಕೇಳಿಸಿಕೊಂಡು ಎಂದಿನಂತೆ ಚೀಲ ತೆಗೆದುಕೊಂಡು ಕೋರ್ಟಿಗೆ ಹೊರಟಳು.

“ನೋಡೂದಿಲ್ಲೇನು ನೀ?”

“ಮಂದಿ ಜೇಲಿನಾಗ ಕುಂತು ಜಾಮೀನಿಗೆ ಕಾಯಾಕತ್ತಾರ, ಮಾಮಾ. ನಾ ಓಟ್ ನೋಡ್ಕೋತ ಕುಂದ್ರಾಕ ಬರತೈತೇನು?”

ಗೌರಿ ಕಂಪ್ಯೂಟರನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಪಕ್ಕದಲ್ಲಿ ರೊಟ್ಟಿ ಬಡಿಯಲು ನಿಂತಳು. ಸೆನೆಟ್ ಎಂದರೆ ನಾನು ಏನೋ ಗಾಂಭೀರ್ಯ ಕಲ್ಪಿಸಿಕೊಂಡಿದ್ದೆ. ನೋಡಿದರೆ ಬಾಗಲಕೋಟೆಯ ಬಸ್ ನಿಲ್ದಾಣ. ಒಬ್ಬರು ಬರುತ್ತಾರೆ, ಇನ್ನೊಬ್ಬರು ಹೋಗುತ್ತಾರೆ, ಮೂರು ಜನ ಮೂಲೆಯಲ್ಲಿ ಹರಟುತ್ತಾರೆ. ಗುಮಾಸ್ತ ಮಾತ್ರ ಎದ್ದು ನಿಂತು ಓದಿದ. ನೀಲಾಂಬಿಕಾ ಎಂಬುದು ಅವನ ಬಾಯಲ್ಲಿ ಮೂರು ಹೋಳಾಯಿತು. ಅಡ್ಡಹೆಸರು ‘ಮರೋಳ’ ಮಾತ್ರ ಅಚ್ಚುಕಟ್ಟಾಗಿ ಬಂತು. ನಮ್ಮ ತಾಲೂಕಿನ ಮರೋಳ, ಏತ ನೀರಾವರಿಯ ಮರೋಳ, ಅಮೆರಿಕದ ಸೆನೆಟ್ಟಿನಲ್ಲಿ ಕೂಗಿಸಿಕೊಂಡಿತು.

ಹೆಸರು ಕರೆದಂತೆ ಸೆನೆಟರುಗಳು ಓಟು ಹಾಕುವ ರೀತಿಯೇ ಬೇರೆ. ಕೆಲವರು ಬಾಯಿಬಿಟ್ಟು ಹೇಳುತ್ತಾರೆ. ಬಹಳ ಜನ ನಡೆಯುತ್ತಲೇ ಹೆಬ್ಬೆರಳು ಮೇಲೆ ಮಾಡುತ್ತಾರೆ, ಇಲ್ಲವೇ ಕೆಳಗೆ. ಇಷ್ಟೇ. ಒಬ್ಬ ಹೆಣ್ಣುಮಗಳ ಇಡೀ ಜೀವಮಾನದ ಕೆಲಸಕ್ಕೆ ಒಂದು ಹೆಬ್ಬೆರಳು.

“ಅಂವ ನಮ್ಮಾಂವ, ಪ್ರೆಸಿಡೆಂಟ್ ಪಕ್ಷದಾಂವ” ಎಂದು ಗೌರಿ ಬಿಳಿಗೂದಲಿನ ಒಬ್ಬನನ್ನು ತೋರಿಸಿದಳು. ಅವನು ಬಂದ. ಹೆಬ್ಬೆರಳು ಕೆಳಗೆ. ಗೌರಿಯ ಕೈಯಲ್ಲಿದ್ದ ರೊಟ್ಟಿ ಅರ್ಧಕ್ಕೆ ಹರಿಯಿತು. ಅವನ ಹಿಂದೆ ಇನ್ನಿಬ್ಬರು ಕೆಳಗೆ ಮಾಡಿದರು. ಹಂಚಿನ ಮೇಲಿನ ರೊಟ್ಟಿ ಹೊತ್ತುತ್ತಿತ್ತು. ನಾವಿಬ್ಬರೂ ತಿರುಗಿಸಲಿಲ್ಲ.

“ಅಣ್ಣಾ, ಸೋತ್ಳೇನು?”

“ತಡಿ. ಇನ್ನೂ ಮಂದಿ ಅದಾರ.”

ಕೊನೆಯ ಹೊತ್ತಿಗೆ ಒಬ್ಬ ವಯಸ್ಸಾದ ಹೆಂಗಸು ಕೋಲೂರಿಕೊಂಡು ಬಂದಳು. ಎದುರು ಪಕ್ಷದವಳು, ನೀಲಾಳನ್ನು ಸಮಿತಿಯಲ್ಲಿ ಕಟುವಾಗಿ ಪ್ರಶ್ನಿಸಿದವರಲ್ಲಿ ಒಬ್ಬಳು. ಆಕೆ ಗುಮಾಸ್ತನ ಮೇಜಿನವರೆಗೂ ನಡೆದು ಹೋಗಿ ನಿಂತು, ಕೋಲನ್ನು ಎಡಗೈಗೆ ಬದಲಾಯಿಸಿಕೊಂಡು, ಹೆಬ್ಬೆರಳನ್ನು ಮೇಲಕ್ಕೆ ಮಾಡಿದಳು. ಆಕೆಯ ಹಿಂದೆಯೇ ಆಕೆಯ ಪಕ್ಷದ ಇನ್ನೊಬ್ಬ. ಅಧ್ಯಕ್ಷಪೀಠದಲ್ಲಿದ್ದವರು ಲೆಕ್ಕ ಓದಿದರು. ನೀಲಾ ಗೆದ್ದಿದ್ದಳು.

ಗೌರಿ ಸೀರೆಗೆ ಕೈ ಒರೆಸಿಕೊಂಡು, ಕೊರಳಲ್ಲಿದ್ದ ಲಿಂಗವನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಮಗಳಿಗೆ ಫೋನ್ ಮಾಡಿದಳು. ಬಂದ್. ಇನ್ನೊಮ್ಮೆ ಮಾಡಿದಳು. ಬಂದ್. ಕಲಾಪ ನಡೆದಿದೆ. ಇಡೀ ಅಮೆರಿಕಕ್ಕೆ ತಿಳಿದ ಸುದ್ದಿ ತಿಳಿಯಬೇಕಾದವಳಿಗೆ ತಿಳಿದಿಲ್ಲ.

“ನಡಿ ಅಣ್ಣಾ” ಎಂದು ಗೌರಿ ಕಾರಿನ ಕೀಲಿ ತೆಗೆದುಕೊಂಡಳು. ಸೀರೆಗೆ ಹಿಟ್ಟು ಮೆತ್ತಿತ್ತು.

ಕೋರ್ಟು

ಅಲ್ಲಿನ ಕೋರ್ಟಿಗೆ ಹೋದರೆ ಕೋರ್ಟಿಗೆ ಬಂದಂತೆ ಅನಿಸುವುದಿಲ್ಲ. ಬೇವಿನ ಮರದ ಕೆಳಗೆ ಟೈಪ್ ಹೊಡೆಯುವವರಿಲ್ಲ, ಚಹಾ ಇಲ್ಲ, ಹೆಸರು ಕೂಗುವ ಜವಾನನಿಲ್ಲ. ಮಧ್ಯಾಹ್ನದ ಹೊತ್ತು ಬಾದಾಮಿಯ ಗುಹೆಯೊಳಗೆ ನಿಂತ ಹಾಗೆ ತಂಪು, ನಿಶ್ಶಬ್ದ. ಬಾಗಿಲಲ್ಲಿ ನೀಲಿ ಕೋಟಿನ ಮುದುಕರು ನಮ್ಮ ಫೋನುಗಳನ್ನು ಇಸಿದುಕೊಂಡು, ಬೆಲ್ಟು ಬಿಚ್ಚಿಸಿ, ಒಳಗೆ ಬಿಟ್ಟರು. ಧೋತರಕ್ಕೆ ಬೆಲ್ಟು ಕಟ್ಟಿದ ಮನುಷ್ಯನನ್ನು ಅವರು ಮೊದಲ ಸಲ ನೋಡಿರಬೇಕು. ಒಬ್ಬ ಅದನ್ನು ಮತ್ತೆ ಕಟ್ಟಲು ಸಹಾಯ ಮಾಡಿದ.

ನೀಲಾಳ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತೆವು. ಕಪ್ಪು ಗೌನಿನಲ್ಲಿ ಎತ್ತರದ ಪೀಠದ ಮೇಲೆ ಕೂತ ಆಕೆಯನ್ನು ನಾನು ಹಾಗೆ ನೋಡಿದ್ದು ಅದೇ ಮೊದಲು. ಕೆಳಗೆ ಕಿತ್ತಳೆ ಬಣ್ಣದ ಬಟ್ಟೆಯ ಒಬ್ಬ ಮನುಷ್ಯ ನಿಂತಿದ್ದ. ಕಾಲಿಗೆ ಸರಪಳಿ. ಆಕೆ ಅವನಿಗೆ ಹಕ್ಕುಗಳನ್ನು ತಿಳಿಸುತ್ತಿದ್ದಳು. ನಾನೂ ಸಾವಿರ ಸಲ ಇಂಥದ್ದನ್ನು ಓದಿದ್ದೇನೆ. ಆದರೆ ಆಕೆ ಓದುತ್ತಿರಲಿಲ್ಲ, ಹೇಳುತ್ತಿದ್ದಳು. ಒಂದೊಂದು ಮಾತಾದ ಮೇಲೆ ನಿಂತು, ಅವನಿಗೆ ಅರ್ಥವಾಯಿತೇ ಎಂದು ನೋಡುತ್ತಿದ್ದಳು.

ಆಗ ಆಕೆಯ ಕಣ್ಣು ನಮ್ಮ ಮೇಲೆ ಬಿತ್ತು. ತಾಯಿ ಮಗಳ ಕೋರ್ಟಿಗೆ ಎಂದೂ ಬಂದವಳಲ್ಲವಂತೆ. ಯಾಕೆ ಬಂದಿದ್ದಾಳೆ ಎಂಬುದು ತಿಳಿಯಿತು. ಏನಾಯಿತು ಎಂಬುದು ತಿಳಿಯಲಿಲ್ಲ. ನಾವು ಎದ್ದು ಹೇಳುವಂತಿಲ್ಲ. ಆಕೆ ಕೇಳುವಂತಿಲ್ಲ.

ಗೌರಿ ಕೈಯನ್ನು ಮಡಿಲಿನಿಂದ ಎತ್ತಿ, ಎದುರಿನ ಬೆಂಚಿನ ಬೆನ್ನಿನ ಮೇಲೆ ಮೆಲ್ಲಗೆ ಇಟ್ಟು, ಹಿಟ್ಟು ಮೆತ್ತಿದ ಹೆಬ್ಬೆರಳನ್ನು ಮೇಲಕ್ಕೆ ಮಾಡಿದಳು.

ನೀಲಾ ತಲೆ ತಗ್ಗಿಸಿದಳು. ಒಂದು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು. ತಲೆ ಎತ್ತಿದಾಗ ಆಕೆ ನೋಡಿದ್ದು ನಮ್ಮನ್ನಲ್ಲ, ಸರಪಳಿ ಹಾಕಿಕೊಂಡು ನಿಂತವನನ್ನು. “ವಕೀಲರನ್ನು ಇಡುವ ಶಕ್ತಿ ಇಲ್ಲದಿದ್ದರೆ ಕೋರ್ಟು ಕೊಡುತ್ತದೆ. ಇದು ನಿಮಗೆ ತಿಳಿಯಿತೇ?” ದನಿ ಒಂದಿಷ್ಟೂ ಅಲುಗಲಿಲ್ಲ.

ಕಾವಲಿನವನು ಬಂದು ಗೌರಿಯ ಕಿವಿಯಲ್ಲಿ ಹೇಳಿದ: ಕೋರ್ಟಿನಲ್ಲಿ ಕೈಸನ್ನೆ ಮಾಡುವಂತಿಲ್ಲ. ಗೌರಿ ಕೈಮುಗಿದಳು. ಅದೂ ಕೈಸನ್ನೆಯೇ. ಅವನು ತನ್ನ ಜಾಗಕ್ಕೆ ಮರಳಿದ.

ಪ್ರಮಾಣ

ದೊಡ್ಡ ಸಮಾರಂಭ ತಿಂಗಳುಗಳ ನಂತರ ಎಂದರು. ಆದರೆ ಪ್ರೆಸಿಡೆಂಟ್ ಸಹಿ ಮಾಡಿದ ಪತ್ರ ಬಂದ ಕೂಡಲೇ ಹಿರಿಯ ಜಡ್ಜ್ ತಮ್ಮ ಕೋಣೆಯಲ್ಲೇ ಪ್ರಮಾಣ ಮಾಡಿಸಲು ಒಪ್ಪಿದರು. ಹಳೆಯ ಜಡ್ಜರ ಕೆಲಸ ರಾಶಿ ಬಿದ್ದಿತ್ತು, ನನ್ನ ವಿಮಾನವೂ ಹತ್ತಿರ ಬಂದಿತ್ತು.

“ಯಾವ ಪುಸ್ತಕ ಮುಟ್ಟಬೇಕು?” ಎಂದು ಗೌರಿ ಮುಂಜಾನೆ ಕೇಳಿದಳು.

“ಯಾವುದೂ ಬೇಕಾಗಿಲ್ಲವ್ವಾ. ಕೈ ಎತ್ತಿದ್ರ ಸಾಕು.”

ಗೌರಿಗೆ ಅದು ಸಾಕೆನಿಸಲಿಲ್ಲ. ಮಗಳನ್ನು ನಿಲ್ಲಿಸಿ ಹಣೆಗೆ ವಿಭೂತಿ ಹಚ್ಚಿದಳು. ನೀಲಾ ಅದನ್ನು ಒರೆಸಿಕೊಳ್ಳಲಿಲ್ಲ.

ಆ ಕೋಣೆಯಲ್ಲಿ ನಾವು ಬೆರಳೆಣಿಕೆಯ ಜನ. ಹಿರಿಯ ಜಡ್ಜ್ ಎತ್ತರದ ಹೆಂಗಸು. ಆಕೆ ಹೇಳಿಕೊಟ್ಟಂತೆ ನೀಲಾ ಹೇಳಿದಳು. ಮುಖ ನೋಡಿ ಮಣೆ ಹಾಕದೆ ನ್ಯಾಯ ಕೊಡುತ್ತೇನೆ, ಬಡವರಿಗೂ ಸಿರಿವಂತರಿಗೂ ಒಂದೇ ಹಕ್ಕು ನಡೆಸುತ್ತೇನೆ ಎಂಬ ಅರ್ಥದ ಮಾತುಗಳು. ನನ್ನ ತುಟಿಯೂ ತಾನಾಗಿ ಅಲುಗಾಡುತ್ತಿತ್ತು.

ಆಮೇಲೆ ನನ್ನ ಕಡೆ ನೋಡಿದರು. ನಮ್ಮ ಗೌನು ಮುಂದೆ ತೆರೆದಿರುತ್ತದೆ, ತೋಳು ತೂರಿಸಿದರೆ ಮುಗಿಯಿತು. ಅವರದಕ್ಕೆ ಮುಂದೆ ಕುತ್ತಿಗೆಯವರೆಗೆ ಜಿಪ್ಪು. ತೋಳುಗಳನ್ನು ಸರಿಯಾಗಿಯೇ ತೂರಿಸಿದೆ. ಜಿಪ್ಪು ಅರ್ಧ ದಾರಿಯಲ್ಲಿ ಬಟ್ಟೆಗೆ ಸಿಕ್ಕಿ ನಿಂತಿತು. ಮೇಲೂ ಹೋಗದು, ಕೆಳಗೂ ಬಾರದು.

“ಮಾಮಾ, ಉಸಿರು ಬಿಡು” ಎಂದಳು ನೀಲಾ ಮೆಲ್ಲಗೆ.

ಕೊನೆಗೆ ಹಿರಿಯ ಜಡ್ಜ್ ಬಗ್ಗಿ, ತಮ್ಮ ಕನ್ನಡಕ ಹಣೆಗೇರಿಸಿಕೊಂಡು ಬಟ್ಟೆ ಬಿಡಿಸಿದರು. ನಾನು ಮೇಲಕ್ಕೆಳೆದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಮಾಣಕ್ಕೋ ಜಿಪ್ಪಿಗೋ ತಿಳಿಯಲಿಲ್ಲ. ಗೌರಿ ಎಲ್ಲರಿಗೂ ಕರದಂಟು ಕೊಟ್ಟಳು. ಅಂಟು ಹಲ್ಲಿಗೆ ಹಿಡಿದು ಅಮೆರಿಕದ ನ್ಯಾಯಾಂಗ ಸ್ವಲ್ಪ ಹೊತ್ತು ಮೌನವಾಯಿತು.

“ಎಷ್ಟು ವರ್ಷ ಈ ಜಾಗ?” ಎಂದು ಕೇಳಿದೆ.

“ಆಯುಷ್ಯ ಇರೋತನಕ. ವರ್ಗಾನೂ ಇಲ್ಲ. ನಾನ ಬಿಡಬೇಕು. ಬ್ಯಾರೆಯವರು ತೆಗೀಬೇಕಂದ್ರ ಭಾಳ ದೊಡ್ಡ ತಪ್ಪು ಮಾಡಿರಬೇಕು. ಆರಿಸೋದು ರಾಜಕಾರಣಿಗಳ ಕೈಯಾಗ ಐತಿ ಮಾಮಾ, ಆರಿಸಿದ ಮ್ಯಾಲೆ ಅವರ ಕೈಯಾಗ ಏನೂ ಇಲ್ಲ.”

ಬಸಣ್ಣನಿಗೆ ಹೇಳಬೇಕಾದ ಉತ್ತರ ಸಿಕ್ಕಿತು. ಜತೆಗೆ ನನಗೆ ಜೇವರ್ಗಿಯ ಒಂದು ದಾವೆ ನೆನಪಾಯಿತು. ಅಕ್ಕತಂಗಿಯರ ಹೊಲದ ಪಾಲಿನ ಕೇಸು. ಸಾಕ್ಷಿಗಳನ್ನೆಲ್ಲ ನಾನೇ ಕೇಳಿದ್ದೆ. ವಾದ ಮುಗಿಯಬೇಕು ಎನ್ನುವಷ್ಟರಲ್ಲಿ ವರ್ಗಾವಣೆ ಬಂತು. ಆ ಹೆಣ್ಣುಮಕ್ಕಳ ಮುಖ ನೋಡದ ಇನ್ನೊಬ್ಬರು ತೀರ್ಪು ಬರೆದರು. ಏನು ಬರೆದರೋ ನನಗೆ ಗೊತ್ತಿಲ್ಲ.

ಕೊನೆಯ ದಿನ

ನಾನು ಹೊರಡುವ ದಿನ ಆಕೆ ಹೊಸ ಹುದ್ದೆಯಲ್ಲಿ ಮೊದಲ ಶಿಕ್ಷೆ ಕೊಡುವುದಿತ್ತು. ನಾನೂ ಹೋಗಿ ಕೂತೆ. ವಿಚಾರಣೆಯ ಕೋರ್ಟಿನ ಜಡ್ಜ್ ಎನ್ನುತ್ತಾರೆ, ಆದರೆ ಅಲ್ಲಿ ವಿಚಾರಣೆಯೇ ಅಪರೂಪ. ಬಹುಪಾಲು ಜನ ತಪ್ಪೊಪ್ಪಿಕೊಳ್ಳುತ್ತಾರೆ. ಉಳಿಯುವುದು ಶಿಕ್ಷೆಯ ಪ್ರಮಾಣ ಒಂದೇ.

ಆರೋಪಿ ಇಪ್ಪತ್ತೈದರ ಆಸುಪಾಸಿನವನು. ಮಾದಕ ವಸ್ತು ಸಾಗಿಸುವಾಗ ಸಿಕ್ಕಿದ್ದ. ಮುಂದಿನ ಬೆಂಚಿನಲ್ಲಿ ಅವನ ತಾಯಿ. ಯಾವುದೋ ಹೋಟೆಲಿನ ಸಮವಸ್ತ್ರದಲ್ಲೇ ಬಂದಿದ್ದಳು. ಸರ್ಕಾರಿ ವಕೀಲ ಎಂಟು ವರ್ಷ ಬೇಕೆಂದ. ಹುಡುಗನ ವಕೀಲಳು, ಮೊದಲು ನೀಲಾ ಮಾಡುತ್ತಿದ್ದ ಕೆಲಸದಲ್ಲೇ ಇರುವವಳು, ಕಾನೂನು ಬಿಟ್ಟಷ್ಟು ಕಡಿಮೆ ಕೊಡಿ ಎಂದು ಬೇಡಿದಳು. ನೀಲಾ ಹುಡುಗನಿಗೆ ಮಾತಾಡಲು ಹೇಳಿದಳು. ಅವನು ನಾಲ್ಕು ಮಾತಾಡಿ ಅತ್ತ.

ಅಲ್ಲಿ ಶಿಕ್ಷೆಯನ್ನು ತಿಂಗಳಲ್ಲಿ ಹೇಳುತ್ತಾರೆ. “ಅರವತ್ತು ತಿಂಗಳು” ಎಂದಳು ನೀಲಾ. ಇದಕ್ಕಿಂತ ಕಡಿಮೆ ಕೊಡುವ ಅಧಿಕಾರ ಕಾನೂನು ತನಗೆ ಕೊಟ್ಟಿಲ್ಲ ಎಂದೂ ಹೇಳಿದಳು.

ಮುಂದಿನ ಬೆಂಚಿನಿಂದ ತಾಯಿ ಎದ್ದು ನಿಂತಳು. “ಅಂದರೆ ಎಷ್ಟು?” ಎಂದಳು. ಯಾರನ್ನು ಕೇಳಿದಳೋ ಆಕೆಗೇ ಗೊತ್ತಿರಲಿಲ್ಲ. ಕಾವಲಿನವನು ಆಕೆಯ ಕಡೆ ಹೊರಟ. ನೀಲಾ ಕೈಯೆತ್ತಿ ಅವನನ್ನು ನಿಲ್ಲಿಸಿದಳು. ಮುಂದಕ್ಕೆ ಬಗ್ಗಿದಳು.

“ಐದು ವರ್ಷ, ಅಮ್ಮ. ಈಗಾಗಲೇ ಒಳಗೆ ಕಳೆದ ಕಾಲ ಅದರಲ್ಲಿ ವಜಾ ಆಗುತ್ತದೆ. ನಿಮ್ಮ ಮನೆಗೆ ಹತ್ತಿರದ ಜೈಲಿಗೆ ಹಾಕಿ ಎಂದು ಬರೆಯುತ್ತೇನೆ. ನಾನು ಶಿಫಾರಸು ಮಾಡಬಹುದು, ನಿರ್ಧಾರ ನನ್ನದಲ್ಲ. ಇನ್ನೇನು ಕೇಳಬೇಕು ನಿಮಗೆ?”

ಆಕೆ ತಲೆಯಲ್ಲಾಡಿಸಿ ಕೂತಳು.

ವಿಮಾನ ನಿಲ್ದಾಣಕ್ಕೆ ನೀಲಾಳೇ ಬಿಟ್ಟಳು. ಹಿಂದಿನ ಸೀಟಿನಲ್ಲಿ ಗೌರಿ ಕಣ್ಣು ಮುಚ್ಚಿದ್ದಳು. ಗೋವಿನಜೋಳದ ಹೊಲಗಳು ಮುಗಿದವು.

“ಯಾವಾಗ್ಲೂ ಹಿಂಗ ಆಗತೈತೇನು, ಮಾಮಾ?”

“ಏನು?”

“ಎದಿ ಮ್ಯಾಲೆ ಕಲ್ಲಿಟ್ಟಂಗ.”

“ಆಗಬೇಕು” ಎಂದೆ. “ಆಗದ ದಿನ ನೀ ರಾಜೀನಾಮೆ ಬರಿ.”

“ಅಂವ ಹೊರಗ ಬಂದ ಮ್ಯಾಲೂ ಕೆಲವು ವರ್ಷ ಕೋರ್ಟಿನ ನಿಗಾದಾಗ ಇರಬೇಕು. ನೌಕರಿ ಸಿಕ್ಕಿತೋ ಇಲ್ಲೋ, ಮತ್ತ ಚಟಕ್ಕ ಬಿದ್ದನೋ ಏನೋ, ಎಲ್ಲಾ ನನ್ನ ಮುಂದನ ಬರತೈತಿ. ಅಂವ ಬರೋವಾಗ ನಾ ಅದ ಜಾಗದಾಗ ಕುಂತಿರ್ತೇನಿ.”

ನಾನು ಶಿಕ್ಷೆ ಕೊಟ್ಟು ಕಳಿಸಿದವರಲ್ಲಿ ಒಬ್ಬನಾದರೂ ಹೊರಗೆ ಬಂದ ಮೇಲೆ ಏನಾದ ಎಂದು ನಾನು ಕಂಡಿಲ್ಲ. ಅವರು ಬರುವ ಹೊತ್ತಿಗೆ ನಾನು ಬೇರೆ ಊರಿನಲ್ಲಿ, ಬೇರೆ ಹಾಲಿನವನ ಹೆಸರು ಕಲಿಯುತ್ತಿರುತ್ತಿದ್ದೆ.

ಕಾರು ನಿಂತಿತು. ನೀಲಾ ಇಳಿದು ನನ್ನ ಚೀಲ ಇಳಿಸಿ, ಅಷ್ಟು ಜನರ ನಡುವೆ ಬಗ್ಗಿ ಕಾಲು ಮುಟ್ಟಿದಳು.

“ಆ ಹುಡುಗ ಹೊರಗ ಬಂದಾಗ ನನಗ ಫೋನ್ ಮಾಡು” ಎಂದೆ.

“ಮಾಡ್ತೇನಿ, ಮಾಮಾ. ನೀ ಗಟ್ಟಿ ಇರು.”